ಶಶಿಯ ಕಾಲೊಳಗಿನ ಮಣಿಸರ

ಕಳೆದ ತಿಂಗಳು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದೆ. ಕ್ಲಿನಿಕ್ಕು ಮಣ್ಣಗುಡ್ಡದಲ್ಲಿ ನಮ್ಮ ಮನೆಯ ಹತ್ತಿರವೇ. ಕಟ್ಟುಹಲ್ಲಿನ ಒಂದು ತುದಿ ಮುರಿದಿತ್ತು. ಡಾಕ್ಟರ್ ಹುಡುಗಿ ಪುಟ್ಟ ಬಟ್ಟಲಿಗೆ ಗುಲಾಬಿ ಬಣ್ಣದ ಪುಡಿ ಹಾಕಿ, ಕಂದು ಬಾಟಲಿಯಿಂದ ನೀರಿನಂಥದ್ದೇನೋ ಸುರಿದು ಕಲಸತೊಡಗಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಾಯಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಉಗುರಿನ ಬಣ್ಣ, ಸೀಮೆಎಣ್ಣೆ, ಹೊಸ ಪ್ಲಾಸ್ಟಿಕ್ ಬಾಲ್ದಿ, ಎಲ್ಲವನ್ನೂ ಒಟ್ಟಿಗೆ ಬಿಸಿಲಿಗಿಟ್ಟ ಹಾಗಿನ ವಾಸನೆ.

“ಎಂತ ಆಯ್ತು ಆಂಟಿ? ನೋವಾಯ್ತಾ?”

“ಇಲ್ಲ ಮಗಾ. ವಾಸನೆ.”

“ಅದು ಹಾಗೇ. ಎಲುಬಿನ ಆಪರೇಷನ್ನಿಗೆ ಹಾಕುವ ಸಿಮೆಂಟಿಗೂ ಇದೇ ವಾಸನೆ.”

“ಗೊತ್ತುಂಟು,” ಎಂದೆ. ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಹಲ್ಲಿನ ಕುರ್ಚಿಯಲ್ಲಿ ಕೂತು ಹೇಳುವ ಕಥೆ ಅದಲ್ಲ.

ಅದು ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಮಳೆಗಾಲ. ನನಗೆ ಮದುವೆಯಾಗಿ ಕೆಲವು ವರ್ಷವಾಗಿತ್ತು. ತಂಗಿ ಶಶಿಕಲಾ, ನಮ್ಮೆಲ್ಲರ ಶಶಿ, ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್. ಅವಳು ನಡೆಯುವುದೆಂದರೆ ಓಡುವುದು. ಒಟ್ಟಿಗೆ ಪೇಟೆಗೆ ಹೋದರೆ ನಾನು ಹಿಂದಿನಿಂದ ‘ಸ್ವಲ್ಪ ನಿಲ್ಲು ಮಾರಾಯ್ತಿ’ ಎನ್ನುತ್ತ ಸೆರಗು ಹಿಡಿದುಕೊಂಡು ಬರಬೇಕು. ಅಪ್ಪ ನಾವು ಸಣ್ಣವರಿರುವಾಗಲೇ ತೀರಿಕೊಂಡಿದ್ದರು. ಮನೆಗೆ ಹಿರಿಯರೆಂದರೆ ಅಮ್ಮನ ಅಣ್ಣ, ನಮ್ಮ ಸೋದರಮಾವ. ನಮ್ಮವರಲ್ಲಿ ಸಂತಾನ ಹೆಂಗಸರ ಕಡೆಯಿಂದ ನಡೆಯುತ್ತದೆ. ಮನೆ, ಮನೆತನ, ದೈವದ ಚಾವಡಿ ಎಲ್ಲ ಹೆಂಗಸರ ಲೆಕ್ಕಕ್ಕೆ. ಮಾತು ಮಾತ್ರ ಮಾವನದು. ಹೊಸ ಕಾನೂನು ಬಂದು ಗದ್ದೆಗಳೆಲ್ಲ ಒಕ್ಕಲಿನವರ ಪಾಲಾದ ಮೇಲೆ ಮಾವನಲ್ಲಿ ಉಳಿದದ್ದು ಒಂದು ಹಳೆಯ ಕಾರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಮತ್ತು ಮರ್ಯಾದೆ. ಅಂಗಿಗಿಂತ ಹೆಚ್ಚು ಜೋಪಾನವಾಗಿ ಅವರು ನೋಡಿಕೊಳ್ಳುತ್ತಿದ್ದದ್ದು ಆ ಮರ್ಯಾದೆಯನ್ನು.

ಹಿಂದಿನ ಡಿಸೆಂಬರಿನಲ್ಲಿ ಮಾವನೇ ಶಶಿಗೆ ಒಂದು ಸಂಬಂಧ ನೋಡಿದ್ದರು. ಹುಡುಗನಿಗೆ ಬೊಂಬಾಯಿಯಲ್ಲಿ ಸ್ವಂತ ಹೋಟೆಲು. ಬಂದು ನೋಡಿ, ಎರಡು ಮಾತಾಡಿ ಹೋಗಿದ್ದರು. “ಹೇಗೆ?” ಎಂದು ನಾನು ಅಡುಗೆಮನೆಯಲ್ಲಿ ಕೇಳಿದ್ದಕ್ಕೆ ಶಶಿ ಹೇಳಿದ್ದು ಇಷ್ಟೇ: “ಚಂದ ನಗಾಡ್ತಾರೆ ಅಕ್ಕ. ಮತ್ತೆಲ್ಲ ಆಮೇಲೆ ನೋಡ್ಕೊಳ್ಳುವ.”

ಮಾರ್ಚಿನ ಒಂದು ಗುರುವಾರ ಅವಳು ಕಾನ್ವೆಂಟಿನ ಹಳೆಯ ಗೆಳತಿಯ ಜೊತೆ ಬಿಕರ್ನಕಟ್ಟೆಗೆ ಬಾಲಯೇಸುವಿನ ದರ್ಶನಕ್ಕೆ ಹೋದಳು. ನಾವು ಕಾನ್ವೆಂಟಿನಲ್ಲಿ ಕಲಿತವರಿಗೆ ಅದು ಅಭ್ಯಾಸ; ಮನೆಯಲ್ಲಿ ದೈವಕ್ಕೆ ಹೂ ಇಟ್ಟು, ಅಲ್ಲಿ ಹೋಗಿ ಮೊಂಬತ್ತಿ ಉರಿಸಿ ಬರುವುದು. ಬಸ್ಸಿನಿಂದ ಅವಳು ಇಳಿಯುತ್ತಿದ್ದಾಗಲೇ ಕಂಡಕ್ಟರ್ ‘ರೈಟ್’ ಎಂದನಂತೆ. ಹಿಂದಿನ ಚಕ್ರ ಎಡಗಾಲನ್ನು ಹಿಡಿಯಿತು. ಮೊಣಕಾಲಿನ ಕೆಳಗೆ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ನಾನು ಆಸ್ಪತ್ರೆಗೆ ಓಡಿದಾಗ ಅವಳ ಇನ್ನೊಂದು ಕಾಲಿನ ಚಪ್ಪಲಿ ಮಾತ್ರ ಸ್ಟ್ರೆಚರಿನ ಮೂಲೆಯಲ್ಲಿ ನೆಟ್ಟಗೆ ಕೂತಿತ್ತು, ಯಾರೋ ತೆಗೆದು ಚಂದ ಮಾಡಿ ಇಟ್ಟ ಹಾಗೆ.

ಎಲುಬಿಗೆ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ರಸ್ತೆಯ ಮಣ್ಣು ಒಳಗೆ ಹೋದ ಗಾಯ. ಎಷ್ಟು ತೊಳೆದರೂ ಸಾಲದೆ ಮೇ ತಿಂಗಳ ಹೊತ್ತಿಗೆ ಹೊಲಿಗೆಯ ನಡುವಿನಿಂದ ಕೀವು ಬರತೊಡಗಿತು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಶಶಿಯ ಸೊಂಟ ಹೊಲಿಗೆ ಕಲಿಯುವ ಹುಡುಗಿಯ ಬಟ್ಟೆಯ ಹಾಗಾಯಿತು. ಜ್ವರ ಇಳಿಯುವುದು, ಮತ್ತೆ ಏರುವುದು. ಆ ಬೆವರಿನ ಸೆಕೆಯಲ್ಲಿ ವಾರ್ಡಿನ ಫ್ಯಾನು ಗಾಳಿಗಿಂತ ಹೆಚ್ಚು ಶಬ್ದ ಕೊಡುತ್ತಿತ್ತು.

ಪಕ್ಕದ ಮಂಚದ ಮೇಲೆ ಉಳ್ಳಾಲದ ಐಸಮ್ಮ ಇದ್ದರು. ಕಾಯಿಲೆ ಅವರದಲ್ಲ. ಅವರ ಮಗ ಹಮೀದ್ ಗಂಡಸರ ವಾರ್ಡಿನಲ್ಲಿ. ದುಬೈಯಲ್ಲಿ ತೊಡೆ ಮುರಿದುಕೊಂಡು, ಅಲ್ಲಿ ರಾಡು ಹಾಕಿಸಿಕೊಂಡು, ಕೀವು ತುಂಬಿಸಿಕೊಂಡು ಊರಿಗೆ ಬಂದವನು. ಐಸಮ್ಮನಿಗೆ ನಮ್ಮ ವಾರ್ಡಿನ ನರ್ಸಮ್ಮ ರಾತ್ರಿ ಮಲಗಲು ಖಾಲಿ ಮಂಚ ಕೊಟ್ಟಿದ್ದಳು. “ನನಗೆ ಕಾಯಿಲೆ ಇಲ್ಲದೆ ಮಂಚ ಸಿಕ್ಕಿತು, ಅಲ್ಲಾಹನ ದಯೆ,” ಎಂದು ನಗುತ್ತಿದ್ದರು. ಅವರ ಪತ್ತಿರಿ ಎಂಬ ಅಕ್ಕಿರೊಟ್ಟಿಯೂ ನಾನು ತರುತ್ತಿದ್ದ ನೀರುದೋಸೆಯೂ ದಿನಾ ಮಂಚ ಬದಲಾಯಿಸುತ್ತಿದ್ದವು.

ಆಸ್ಪತ್ರೆಯಲ್ಲಿ ಇಬ್ಬರು ಎಲುಬಿನ ಡಾಕ್ಟರರು. ಪಟ್ಟಿ ಹಾಕಿದವರು ದೊಡ್ಡ ಡಾಕ್ಟರ್. ಜರ್ಮನಿಯಲ್ಲಿ ಕಲಿತು ಆಗಷ್ಟೇ ಬಂದಿದ್ದವರು ಸಣ್ಣ ಡಾಕ್ಟರ್. ಎಲ್ಲರೂ ಹಾಗೇ ಕರೆಯುತ್ತಿದ್ದರು. ಸಣ್ಣ ಡಾಕ್ಟರ್ ತೆಳ್ಳಗೆ, ಮಾತು ಕಡಿಮೆ, ಕೋಟಿನ ಒಂದು ಗುಂಡಿ ಯಾವಾಗಲೂ ತಪ್ಪು ತೂತಿನಲ್ಲಿ. ಮೇ ಕೊನೆಗೆ ಅವರು ಶಶಿಯ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತರು. ಡಾಕ್ಟರರು ಕೂತು ಮಾತಾಡುವುದನ್ನು ನಾನು ಅದೇ ಮೊದಲು ನೋಡಿದ್ದು.

“ಒಳಗೆ ಸ್ವಲ್ಪ ಎಲುಬು ಸತ್ತಿದೆ,” ಎಂದರು. “ಸತ್ತ ಎಲುಬಿಗೆ ರಕ್ತ ಹೋಗುವುದಿಲ್ಲ. ಇಂಜೆಕ್ಷನಿನ ಮದ್ದು ರಕ್ತದಲ್ಲೇ ಹೋಗಬೇಕಲ್ಲ? ಹಾಗಾಗಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಆ ಉಕ್ಕಿನ ಪಟ್ಟಿಯ ಮೇಲೂ ಕ್ರಿಮಿ ಮನೆ ಮಾಡಿಕೊಂಡಿದೆ. ಪಟ್ಟಿ ತೆಗೀತೇನೆ. ಸತ್ತದ್ದನ್ನು ಕೆರೆದು ಹೊಂಡ ಮಾಡಿ, ಹೊಂಡಕ್ಕೆ ಮದ್ದನ್ನೇ ಇಡ್ತೇನೆ.”

“ಹೊಂಡದಲ್ಲಿ ಮದ್ದು ಇಡುವುದಾ? ಗೊಬ್ಬರ ಇಟ್ಟ ಹಾಗೆ?” ಶಶಿ ಕೇಳಿದಳು.

ಅವರು ಕಿಸೆಯಿಂದ ಒಂದು ಸರ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ತೆಳು ಉಕ್ಕಿನ ತಂತಿಯಲ್ಲಿ ಪೋಣಿಸಿದ ಬಿಳಿಯ ಮಣಿಗಳು, ಬಟಾಣಿಯಷ್ಟು ದೊಡ್ಡವು. ಎಲುಬಿನ ಸಿಮೆಂಟಿನ ಪುಡಿಗೆ ಸೋಂಕಿನ ಮದ್ದಿನ ಪುಡಿ ಸೇರಿಸಿ, ದ್ರವ ಹಾಕಿ ಕಲಸಿ, ಗಟ್ಟಿಯಾಗುವ ಮುಂಚೆ ಬೆರಳಿನಲ್ಲಿ ಉಂಡೆ ಮಾಡಬೇಕಂತೆ. ಜರ್ಮನಿಯಲ್ಲಿ ಅದು ತಯಾರಾಗಿಯೇ ಸಿಗುತ್ತದೆ. ಇಲ್ಲಿ ಥಿಯೇಟರಿನಲ್ಲಿ ಅವರು ಮತ್ತು ಸಿಸ್ಟರು ಕೂತು ಉಂಡೆ ಕಟ್ಟುವುದು. ಉಂಡೆಗಳು ಒಂದೇ ಗಾತ್ರ ಇರಲಿಲ್ಲ. ನನಗೆ ಶಾಲೆಯಲ್ಲಿ ಸೂಜಿಕೆಲಸ ಕಲಿಸುತ್ತಿದ್ದ ಮದರಿನ ಜಪಸರ ನೆನಪಾಯಿತು. ಮೂಗಿನ ಹತ್ತಿರ ಹಿಡಿದರೆ ಆ ವಾಸನೆ.

“ಮದ್ದು ಇದರಿಂದ ದಿನಾ ಸ್ವಲ್ಪ ಸ್ವಲ್ಪ ಹೊರಗೆ ಬರ್ತದೆ. ಅಲ್ಲೇ, ಬೇಕಾದ ಜಾಗದಲ್ಲೇ.”

“ಸೀರೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆಯ ಹಾಗಾ?” ನಾನು ಬಾಯಿ ತಪ್ಪಿ ಕೇಳಿಬಿಟ್ಟೆ.

ಅವರಿಗೆ ಖುಷಿಯಾಯಿತು. “ಹೌದು, ಸರಿಯಾಗಿ ಹಾಗೇ. ಆದರೆ ನುಸಿಗುಳಿಗೆ ಕರಗಿ ಹೋಗ್ತದೆ, ಇದು ಹೋಗುವುದಿಲ್ಲ. ಮದ್ದು ಖಾಲಿಯಾದ ಮೇಲೆ ಇದೊಂದು ಕಲ್ಲು. ಕ್ರಿಮಿ ಬಂದು ಕೂತುಕೊಳ್ಳಲು ಒಳ್ಳೆ ಜಾಗ. ಹಾಗಾಗಿ ಜುಲೈಯ ಸುರುವಿಗೆ ಪುನಃ ಆಪರೇಷನ್. ಮಣಿ ತೆಗೆದು, ಸೊಂಟದ ಎಲುಬಿನಿಂದ ಚೂರು ತಂದು ಹೊಂಡ ತುಂಬಿಸ್ತೇನೆ. ಆ ಚೂರು ಅಲ್ಲಿ ಬೇರು ಬಿಡ್ತದೆ, ಎಲುಬು ಕೂಡಿಕೊಳ್ತದೆ. ಅಲ್ಲಿವರೆಗೆ ಪ್ಲಾಸ್ಟರ್ ತೆಗೆಯುವಂತಿಲ್ಲ, ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಅರ್ಧಕ್ಕೆ ನಿಲ್ಲಿಸುವ ಚಿಕಿತ್ಸೆ ಅಲ್ಲ ಇದು.”

“ಸೊಂಟದಿಂದ ತೆಗೆದರೆ ಸೊಂಟ ಸಣ್ಣ ಆಗ್ತದಾ ಡಾಕ್ಟ್ರೆ?” ಶಶಿ ಗಂಭೀರವಾಗಿ ಕೇಳಿದಳು.

ಸಣ್ಣ ಡಾಕ್ಟರ್ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಮೀದನಿಗೂ ಅದೇ ವಾರ ಅದೇ ಮಣಿ ಹಾಕಿದರು. ಶಶಿಯನ್ನು ಥಿಯೇಟರಿನಿಂದ ತಂದಾಗ ಅವಳ ಕೂದಲಿನಲ್ಲೂ ಆ ವಾಸನೆ ಕೂತಿತ್ತು. ಹೊರಗೆ ಮೊದಲ ಮಳೆ ಬಿದ್ದು, ಕಿಟಕಿಯ ಸರಳುಗಳಿಂದ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಮತ್ತೆ ಜ್ವರ ಬರಲಿಲ್ಲ. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಪ್ಲಾಸ್ಟರಿನಲ್ಲಿ ಬಿಟ್ಟಿದ್ದ ಪುಟ್ಟ ಕಿಟಕಿಯಿಂದ ನೋಡಿದರೆ ಗಾಯ ಒಣಗಿ, ಗುಲಾಬಿ ಗೆರೆಯಾಗಿತ್ತು. ಸಣ್ಣ ಡಾಕ್ಟರ್ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು: ಬೂದು ಎಲುಬಿನ ನಡುವೆ ಬಿಳಿಯ ಮಣಿಸರ. ಶಶಿ ಬಹಳ ಹೊತ್ತು ನೋಡಿ ಹೇಳಿದಳು, “ಚಿನ್ನದ್ದು ಕುತ್ತಿಗೆಗೆ ಬೀಳುವ ಮೊದಲು ಕಾಲಿಗೇ ಒಂದು ಸರ ಬಿತ್ತು ಅಕ್ಕ.”

ಜುಲೈ ಹತ್ತುವ ಹೊತ್ತಿಗೆ ಮಾವ ಬಂದರು. ಹುಡುಗನ ಕಡೆಯವರು ಊರಿಗೆ ಬರುತ್ತಾರೆ. ಜುಲೈ ನಡುವಿಗೆ ಆಟಿ ತಿಂಗಳು ಹತ್ತುವ ಮೊದಲು ನಿಶ್ಚಿತಾರ್ಥ ಆಗಬೇಕು. ಆಟಿಯಲ್ಲಿ ನಮ್ಮಲ್ಲಿ ಶುಭಕಾರ್ಯವಿಲ್ಲ. ಆಟಿ ಮುಗಿಯುವುದರೊಳಗೆ ಹುಡುಗ ಬೊಂಬಾಯಿಗೆ ಹೋಗಿರುತ್ತಾನೆ. ಅವರಿಗೆ ಮಾವ ಹೇಳಿದ್ದು, ಹುಡುಗಿ ಜಾರಿ ಬಿದ್ದು ಕಾಲು ಉಳುಕಿತ್ತು, ಈಗ ಗುಣವಾಗಿದೆ ಎಂದು.

ಕಾರಿಡಾರಿನಲ್ಲಿ ಸಣ್ಣ ಡಾಕ್ಟರಿಗೂ ಮಾವನಿಗೂ ಮಾತಾಯಿತು. ನಾನು ಫ್ಲಾಸ್ಕು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

“ಗಾಯ ಒಣಗಿತಲ್ಲ ಡಾಕ್ಟ್ರೆ?”

“ಒಣಗಿದ್ದು ಚರ್ಮ. ಒಳಗೆ ಎಲುಬೇ ಇಲ್ಲದ ಹೊಂಡ ಉಂಟು.”

“ಆಪರೇಷನ್ ಆಟಿ ಕಳೆದು ಮಾಡುವ.”

“ಆಗ ಮಣಿಯ ಮದ್ದು ಮುಗಿದಿರ್ತದೆ.”

“ನೀವು ಪ್ರಾಯದವರು, ಹೊಸತು ಕಲಿತು ಬಂದಿದ್ದೀರಿ. ನಮ್ಮ ಹುಡುಗಿಯ ಮೈಮೇಲೆ ಪ್ರಯೋಗ ಬೇಡ,” ಎಂದರು ಮಾವ. ಧ್ವನಿ ಏರಿಸಲಿಲ್ಲ. ಮಾವ ಯಾವಾಗಲೂ ಧ್ವನಿ ಏರಿಸುವವರಲ್ಲ.

ನಾನು ಆಗ ಬಾಯಿ ಬಿಟ್ಟೆ. “ಮಾವ, ಅವರ ಹತ್ರ ಇದ್ದದ್ದು ಇದ್ದ ಹಾಗೆ ಹೇಳುವ. ಎರಡು ತಿಂಗಳು ಕಾಯ್ತಾರೋ ಏನೋ.”

“ಕಾಲು ಕೆಟ್ಟ ಹುಡುಗಿ ಅಂತ ನಾನು ಊರಿಡೀ ಡಂಗುರ ಹೊಡೀಬೇಕಾ? ಅವಳ ನಂತರ ನಿನ್ನ ಮಗಳೂ ಉಂಟು ಈ ಕುಟುಂಬದಲ್ಲಿ. ನೆನಪಿರಲಿ.” ನನ್ನ ಮಗಳಿಗೆ ಆಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಅಮ್ಮ ಗೋಡೆಗೊರಗಿ ನಿಂತಿದ್ದಳು. ಅಣ್ಣನ ಎದುರು ಅವಳು ಕೂತು ಮಾತಾಡಿದ್ದನ್ನೇ ನಾನು ಕಂಡವಳಲ್ಲ. ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂಬ ಕಾಗದಕ್ಕೆ ಮಾವ ಇಂಗ್ಲಿಷಿನಲ್ಲಿ ಸಹಿ ಹಾಕಿದರು. ಶಶಿ ಮಂಚದಲ್ಲಿ ಕೂತು ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ಹೆಣೆದಾದ ಮೇಲೆ ಮತ್ತೆ ಬಿಚ್ಚಿದಳು.

ಐಸಮ್ಮನಿಗೂ ಹಾಗೆಯೇ ಒಂದು ಗಂಡಾಂತರ. ಹಮೀದನ ವೀಸಾ ಮುಗಿಯುವುದರಲ್ಲಿತ್ತು. ಅವನು ಗಂಡಸರ ವಾರ್ಡಿನಿಂದ ಬೊಬ್ಬೆ ಹೊಡೆಯುತ್ತಿದ್ದ, ಈ ಮಣಿ ಗಿಣಿ ಎಲ್ಲ ಇರಲಿ, ನಾನು ಹೋಗ್ತೇನೆ ಎಂದು. “ಹೋಗಲಿಕ್ಕೆ ಕಾಲು ಬೇಡವಾ ಹೈವಾನ್?” ಎಂದು ಐಸಮ್ಮ ನಮ್ಮ ವಾರ್ಡಿನಿಂದಲೇ ಬೈದರು. ನಮ್ಮ ಸಾಮಾನು ಕಟ್ಟುವಾಗ ನನ್ನ ಮೊಣಕೈ ಹಿಡಿದು, “ಮಗಳೇ, ಮುಗಿಸಿ ಹೋಗಿ. ಬಿರಿಯಾನಿ ಅರ್ಧ ಬೆಂದರೆ ಯಾರಾದರೂ ಪಾತ್ರೆ ಇಳಿಸ್ತಾರಾ?” ಎಂದರು. ನಾನು ಮಾವನ ಕಡೆ ನೋಡಿದೆ. ಅವರು ಕಾರಿನ ಬಾಗಿಲು ತೆರೆದು, ಮಳೆಗೆ ಕೊಡೆ ಹಿಡಿದು ನಿಂತಿದ್ದರು. ಶಶಿಯ ಮೇಲೆ ಒಂದು ಹನಿ ಬೀಳಬಾರದೆಂದು ಬೇರೆ.

ನಿಶ್ಚಿತಾರ್ಥದ ಬೆಳಿಗ್ಗೆ ಮಾವ ತಮ್ಮ ಪರಿಚಯದ ಕಂಪೌಂಡರನೊಬ್ಬನನ್ನು ಕರೆತಂದರು. ಸೀರೆಯ ಅಡಿಯಲ್ಲಿ ಪ್ಲಾಸ್ಟರ್ ಎದ್ದು ಕಾಣುತ್ತದೆ. “ಒಂದು ದಿನದ ಮಟ್ಟಿಗೆ. ನಾಳೆ ಪುನಃ ಹಾಕಿಸುವ,” ಎಂದರು. ಪ್ಲಾಸ್ಟರಿನೊಳಗಿನಿಂದ ಹೊರಬಂದ ಕಾಲು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ತೆಳ್ಳಗೆ, ಬಿಳಿಚಿಕೊಂಡು, ಸಿಪ್ಪೆ ಏಳುತ್ತಿದ್ದ ಚರ್ಮ. ಅಮ್ಮ ಕೊಬ್ಬರಿ ಎಣ್ಣೆ ಸವರಿದಳು. ಶಶಿ, “ಇದು ನನ್ನದೇ ಹೌದಾ?” ಎಂದಳು.

ನೆಂಟರು ಬರುವ ಮೊದಲೇ ಅವಳನ್ನು ಚಾವಡಿಯ ಕುರ್ಚಿಯಲ್ಲಿ ಕೂರಿಸಿ, ಹಸಿರು ಪಟ್ಟೆ ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಅಗಲ ಮಾಡಿ ಹರಡಿದೆವು. ಅವರು ಹೋಗುವ ತನಕ ಏಳಬಾರದು ಎಂದು ಮಾವನ ಕಟ್ಟಪ್ಪಣೆ. ಶರಬತ್ತನ್ನು ಬೇರೆ ಹುಡುಗಿಯರು ತಂದರು. ಎರಡು ಕಡೆಯವರೂ ವೀಳ್ಯ ಬದಲಾಯಿಸಿಕೊಂಡರು. ಹುಡುಗ ಅವಳ ಕಡೆ ನೋಡಿ ನಕ್ಕ. ಚಂದವೇ ನಗುತ್ತಿದ್ದ, ಸುಳ್ಳಲ್ಲ. ಶಶಿಯ ಮುಖ ಕೆಂಪಾಯಿತು. ಎಲ್ಲ ಸುಸೂತ್ರ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹುಡುಗನ ಅಜ್ಜಿ, ಕಣ್ಣು ಸರಿಯಾಗಿ ಕಾಣದ ಮುದುಕಿ, ಮೂಲೆಯ ಮಂಚದಿಂದ ಕೈ ಚಾಚಿ ಕರೆದಳು: “ಬಾ ಮಗಾ, ಹತ್ತಿರ ಬಾ. ಮುಟ್ಟಿ ನೋಡುವ.”

ಹಿರಿಯರು ಕರೆದರೆ ಎದ್ದು ಹೋಗಿ ಕಾಲು ಹಿಡಿಯುವುದು ನಮ್ಮ ಕ್ರಮ. ಹುಡುಗಿ ಏಳದಿದ್ದರೆ ಅದಕ್ಕಿಂತ ದೊಡ್ಡ ಅಹಂಕಾರವಿಲ್ಲ. ಎಲ್ಲರ ಕಣ್ಣೂ ಶಶಿಯ ಮೇಲೆ. ಅವಳು ಎದ್ದಳು. ಗೋಡೆಯ ಬದಿಯಿಂದ ನಿಧಾನ ನಡೆದಳು. ನಾಚಿಕೆಯ ಹುಡುಗಿ ಎಂದು ಯಾರೋ ಮೆಚ್ಚಿದರು. ಅಜ್ಜಿಯ ಕಾಲಿಗೆ ಬಗ್ಗಿದಳು, ಏಳಲು ಎಡಗಾಲು ಊರಿದಳು. ಅಜ್ಜಿ ಅವಳ ತಲೆ ಸವರುತ್ತಿದ್ದಳು. ಶಶಿಯ ಕೆಳತುಟಿ ಹಲ್ಲಿನ ಅಡಿಗೆ ಹೋದದ್ದನ್ನು ನಾನೊಬ್ಬಳೇ ಕಂಡೆ. ಆಮೇಲೆ ಅವಳು ನಕ್ಕಳು. ಕುರ್ಚಿಗೆ ಮರಳುವವರೆಗೂ ನಗುತ್ತಲೇ ಇದ್ದಳು.

ನೆಂಟರ ಕಾರುಗಳು ಗೇಟು ದಾಟಿದ ಮೇಲೆ ಅವಳು ಹೇಳಿದಳು, “ಅಕ್ಕ, ಒಳಗೆ ಬಾಗಿತು.”

ಮರುದಿನ ಆಸ್ಪತ್ರೆಗೆ ಹೋಗಲಿಲ್ಲ. ಹುಡುಗನ ಕಡೆಯವರು ಇನ್ನೂ ಊರಲ್ಲೇ ಇದ್ದರು, ಯಾರಾದರೂ ನೋಡಿದರೆ? ಅದೇ ಕಂಪೌಂಡರು ಬಂದು ಪ್ಲಾಸ್ಟರ್ ಮೆತ್ತಿ ಹೋದ. ಆಟಿ ಹತ್ತಿತು. ಬಿಡದೆ ಹೊಯ್ಯುವ ಮಳೆ, ಮನೆಯೊಳಗೆ ಒಣಗದ ಬಟ್ಟೆಯ ಕಮಟು. ಶಶಿಗೆ ಜ್ವರ. ಕೇಳಿದವರಿಗೆಲ್ಲ ಶೀತಜ್ವರ ಎಂದೇ ಉತ್ತರ. ಆಟಿ ಅಮಾವಾಸ್ಯೆಗೆ ನಮ್ಮಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯುವ ಕ್ರಮ ಉಂಟು. ನಾಲಗೆ ಮಡಚಿಹೋಗುವಷ್ಟು ಕಹಿ, ವರ್ಷದ ಕಾಯಿಲೆಗೆಲ್ಲ ಅದೇ ಮದ್ದು ಎಂಬ ನಂಬಿಕೆ. ಅಮ್ಮ ಶಶಿಗೆ ಎರಡು ಲೋಟ ಕುಡಿಸಿದಳು. ಅವಳು ಮುಖ ಕಿವುಚದೆ ಕುಡಿದದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಪ್ಲಾಸ್ಟರಿನ ಅಂಚಿನಿಂದ ಹಳದಿ ಇಳಿಯತೊಡಗಿದ ದಿನ ನಾನು ಮಾವನನ್ನು ಕೇಳದೆ ಟ್ಯಾಕ್ಸಿ ಕರೆಸಿದೆ.

ಸಣ್ಣ ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಲುಬು ಬಾಗಿ ಮುರಿದಿತ್ತು, ಮಣಿಗಳಿಗೆ ಲೋಳೆ ಹಿಡಿದಿತ್ತು. ತೆಗೆದರು, ತೊಳೆದರು, ಹೊಸ ಮಣಿ ಇಟ್ಟರು, ಮತ್ತೆ ತೊಳೆದರು. ಸೋಂಕು ಎಲುಬಿನಲ್ಲಿ ಪಾದದವರೆಗೂ ಇಳಿದಿತ್ತು. ಅದೇ ಕಾರಿಡಾರಿನಲ್ಲಿ ಹಮೀದ್ ಕಂಕುಳಿಗೆ ಕೋಲು ಕೊಟ್ಟುಕೊಂಡು ನಡೆಯುವ ಅಭ್ಯಾಸ ಮಾಡುತ್ತಿದ್ದ. ಅವನ ಮಣಿ ತೆಗೆದಾಗಿತ್ತು, ಸೊಂಟದ ಚೂರು ಹಿಡಿದಿತ್ತು. ವೀಸಾ ಹೋಗಿತ್ತು. “ಇವರಿಂದಾಗಿ ನಾನೀಗ ಬಂದರಿನಲ್ಲಿ ಮಾವನ ಅಂಗಡಿಯಲ್ಲಿ ಈರುಳ್ಳಿ ತೂಗಬೇಕು,” ಎಂದು ತಾಯಿಯನ್ನು ತೋರಿಸಿ ಗೊಣಗುತ್ತಿದ್ದ. ಅವನ ಎರಡೂ ಪಾದಗಳು ನೆಲಕ್ಕೆ ತಾಗುವುದನ್ನು ನಾನು ನೋಡಬಾರದೆಂದರೂ ನೋಡುತ್ತಿದ್ದೆ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರುತ್ತಿತ್ತು. ಯಾತಕ್ಕೆಂದು ಹೇಳಲಿ?

ಸುದ್ದಿ ಹುಡುಗನ ಮನೆಗೆ ಮುಟ್ಟಿತು. ಅವನ ತಾಯಿ ನಮ್ಮ ಮನೆಗೇ ಬಂದು ಅಮ್ಮನ ಎದುರು ಕೂತು ಹೇಳಿದರು: “ಕಾಲಿನ ವಿಷಯ ಅಲ್ಲ. ನಮ್ಮ ಅತ್ತೆಯ ಕಾಲಿಗೆ ಅವಳನ್ನು ಬೀಳಿಸಿದ್ರಿ. ಅವರಿಗೆ ಈಗ ಊಟ ಸೇರುವುದಿಲ್ಲ. ಹೇಳಿದ್ದರೆ ಆಟಿ ಏನು, ದೀಪಾವಳಿವರೆಗೂ ಕಾಯ್ತಿದ್ದೆವು.” ಸಂಬಂಧ ಅಲ್ಲಿಗೆ ಮುಗಿಯಿತು. ಮಾವ ಆಮೇಲೆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಅವರಿಗೆ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲವಂತೆ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಮಳೆ ಬಿಟ್ಟು ಬಿಸಿಲು ವಾರ್ಡಿನ ಅರ್ಧಕ್ಕೆ ಬಂದಿದ್ದಾಗ, ಸಣ್ಣ ಡಾಕ್ಟರ್ ಸ್ಟೂಲು ಎಳೆದುಕೊಳ್ಳದೆ ನಿಂತೇ ಮಾತಾಡಿದರು. ವಿಷ ರಕ್ತಕ್ಕೆ ಏರಿದೆ. ಇನ್ನು ಕಾಲು ಉಳಿಸಲು ಹೋದರೆ ಜೀವ ಉಳಿಯುವುದಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕು, ಇವತ್ತೇ.

“ಅಣ್ಣ ಬರಲಿ,” ಎಂದಳು ಅಮ್ಮ. “ಅಣ್ಣನಿಗೆ ಹೇಳಿ ಕಳಿಸ್ತೇನೆ. ಅವರು ಬಂದು ಸಹಿ ಹಾಕ್ತಾರೆ.”

“ಕಾಯಲಿಕ್ಕೆ ಆಗುವುದಿಲ್ಲ ಅಮ್ಮ.”

ಶಶಿ ಕಣ್ಣು ಮುಚ್ಚಿದ್ದಳು, ನಿದ್ರೆ ಎಂದುಕೊಂಡಿದ್ದೆವು. “ಎಷ್ಟು ಪ್ರಾಯ ಆದ್ರೆ ಸ್ವಂತ ಸಹಿ ನಡೀತದೆ ಡಾಕ್ಟ್ರೆ?” ಎಂದು ಕೇಳಿದಳು.

“ಹದಿನೆಂಟು.”

“ನನಗೆ ಇಪ್ಪತ್ತನಾಲ್ಕು.”

“ಗೊತ್ತುಂಟು.”

“ಹಾಗಾದ್ರೆ ಜುಲೈಯಲ್ಲಿ ನನ್ನ ಹತ್ರ ಯಾರೂ ಎಂತಕ್ಕೆ ಕೇಳ್ಲಿಲ್ಲ?”

ಡಾಕ್ಟರ್ ಕೋಟಿನ ಗುಂಡಿಯನ್ನು ಹಿಡಿದುಕೊಂಡರು. ಅವರು ಆ ದಿನ ಕಾರಿಡಾರಿನಲ್ಲಿ ಮಾವನ ಹತ್ತಿರ ಎಷ್ಟು ಮಾತಾಡಿದ್ದರು! ಕಾಲಿನ ಯಜಮಾನ್ತಿ ಬಾಗಿಲಿನ ಈಚೆ ಮಂಚದಲ್ಲೇ ಕೂತಿದ್ದಳು. ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಜರ್ಮನಿಯಲ್ಲಿ ಕಲಿತವರಿಗೂ ಊರಿಗೆ ಬಂದ ಮೇಲೆ ಊರಿನದೇ ಅಭ್ಯಾಸ.

ನಾನು ದಿಂಬು ಎತ್ತರ ಮಾಡಿ ಕೂರಿಸಿದೆ. ಬೋರ್ಡಿನ ಮೇಲೆ ಮಕ್ಕಳಿಗೆ ಬರೆದು ತೋರಿಸುವ ಹಾಗೆ, ಗುಂಡಗೆ, ಒಂದು ಅಕ್ಷರವೂ ಗೆರೆ ಬಿಟ್ಟು ಕೆಳಗಿಳಿಯದ ಹಾಗೆ ಅವಳು ತನ್ನ ಪೂರ್ತಿ ಹೆಸರು ಬರೆದಳು. ಡಾಕ್ಟರ್ ಕಾಗದ ತೆಗೆದುಕೊಂಡು ಹೋದರು. ಸಿಸ್ಟರ್ ಬಂದು ಅವಳ ಬಳೆ ಕಳಚತೊಡಗಿದಳು.

ಅಮ್ಮ ಆಗಲೂ ಬಾಗಿಲಿನ ಕಡೆಗೇ ನೋಡುತ್ತಿದ್ದಳು, ಅಣ್ಣ ಬರಬಹುದೆಂದು.